ಏನೇ, ವಿಶೇಷಾನಾ?

ಪ್ರತಿ ಮನೆತನಕ್ಕೂ ಒಬ್ಬ ದೊಡ್ಡಮ್ಮ ಇರುತ್ತಾರೆ, ಸೊಸೆಯರ ಮುಖ ನೋಡಿಯೇ ತಿಂಗಳು ಎಣಿಸುವವರು. ಮದುವೆಮನೆಯ ಪಂಕ್ತಿಯಲ್ಲಿ ಅವರ ಕಣ್ಣು ಎಲೆಯ ಮೇಲಲ್ಲ, ಎದುರು ಸಾಲಿನವಳು ಉಪ್ಪಿನಕಾಯಿ ಎಷ್ಟು ಸಲ ಕೇಳಿದಳು ಎಂಬುದರ ಮೇಲೆ.

ಮೈಸೂರಿನ ಅಂಥ ಒಬ್ಬ ದೊಡ್ಡಮ್ಮನಿಗೆ, ತಂಗಿಯ ಸೊಸೆ ಐಯುಐ ಎಂಬ ಗರ್ಭಧಾರಣೆಯ ಚಿಕಿತ್ಸೆ ಮಾಡಿಸಿಕೊಂಡದ್ದು ಹೇಗೋ ಗೊತ್ತಾಯಿತು. ಆರನೇ ದಿನವೇ ಬಂದಿಳಿದರು. ಸಾರಿಗೆ ಇಂಗಿನ ಒಗ್ಗರಣೆ ಚುಂಯ್ ಎಂದಿತು. ಸೊಸೆ ಮೂಗಿಗೆ ವೇಲು ಹಿಡಿದಳು. ಅವಳಿಗೆ ಇಂಗು ಮೊದಲಿನಿಂದಲೂ ಸೇರದು. ಅದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ, "ನಾ ಹೇಳ್ಲಿಲ್ವಾ! ಕೂತ್ಕೊಳ್ಳೇ, ಬಗ್ಗಬೇಡ" ಎಂದು ಕೈಯಲ್ಲಿದ್ದ ಚೊಂಬನ್ನೂ ಕಿತ್ತುಕೊಂಡರು. ಮೇಜಿನ ಮೇಲಿದ್ದ ಪರಂಗಿ ಹಣ್ಣು ಪಕ್ಕದ ಮನೆಗೆ ಹೋಯಿತು.

ಭ್ರೂಣ ಗರ್ಭಕೋಶಕ್ಕೆ ಅಂಟಿಕೊಳ್ಳುವುದೇ ಅಂಡ ಬಿಡುಗಡೆಯಾದ 6ರಿಂದ 10 ದಿನಕ್ಕೆ. ವಾಕರಿಕೆ ಸಾಮಾನ್ಯವಾಗಿ ಶುರುವಾಗುವುದು ಕಡೆಯ ಮುಟ್ಟಿನಿಂದ ಎಣಿಸಿ ಆರನೇ ವಾರದ ಹೊತ್ತಿಗೆ. ಸ್ತನಗಳ ನೋವು, ಹೊಟ್ಟೆ ಉಬ್ಬರ, ಹಗಲು ನಿದ್ದೆ ಇವೆಲ್ಲ ಪ್ರೊಜೆಸ್ಟರಾನ್ ಮಾತ್ರೆಯ ಕರಾಮತ್ತೂ ಆಗಿರಬಹುದು. ಬಸಿರಿನಲ್ಲಿ ಹೆಚ್ಚುವುದೂ ಅದೇ ಹಾರ್ಮೋನು. ಡಾಕ್ಟರು ಇಷ್ಟೂ ಬಿಡಿಸಿ ಹೇಳಿದ್ದಾರೆ ಎಂದರೆ ದೊಡ್ಡಮ್ಮ ಕೇಳಿದ್ದು ಒಂದೇ: "ಆ ಡಾಕ್ಟರಮ್ಮನಿಗೆ ವಯಸ್ಸೆಷ್ಟು?"

ಇದಕ್ಕೆಲ್ಲ ಮರುಳಾಗುವವರು ಯಾರು ಎನ್ನಬೇಡಿ. ಸೊಸೆಯ ಗಂಡ, ಜೀವಶಾಸ್ತ್ರದಲ್ಲಿ ಬಿಎಸ್ಸಿ ಮಾಡಿದವನು, ಅಂದೇ ರಾತ್ರಿ ಗುರುತು ಸಿಗದ ಬಡಾವಣೆಯ ಮೆಡಿಕಲ್ ಶಾಪಿಗೆ ಹೋಗಿ ಕಿಟ್ ತಂದ. ಎರಡು ಗೆರೆ! ಅಂಡ ಬಿಡುಗಡೆಗೆಂದು ಕೊಟ್ಟ ಎಚ್‌ಸಿಜಿ ಇಂಜೆಕ್ಷನ್ನಿನ ಅಂಶ 10ರಿಂದ 14 ದಿನ ಮೈಯಲ್ಲಿ ಉಳಿಯಬಹುದು, ಕಿಟ್ ಹುಡುಕುವುದೂ ಅದನ್ನೇ ಎಂಬುದು ಆ ಗಳಿಗೆಯಲ್ಲಿ ಬಿಎಸ್ಸಿಗೆ ನೆನಪಾಗಲಿಲ್ಲ. ಅವನು ದೊಡ್ಡಮ್ಮನ ಕಾಲಿಗೆ ಬಿದ್ದ. (ಸುಳ್ಳಲ್ಲ, ಈ ಬರಹಗಾರನ ಮಂಡಿಯೇ ಸಾಕ್ಷಿ.)

ಹದಿನಾಲ್ಕನೇ ದಿನ ರಕ್ತಪರೀಕ್ಷೆ. ಬೀಟಾ ಎಚ್‌ಸಿಜಿ 5ಕ್ಕಿಂತ ಕಡಿಮೆ. ಅಂದರೆ, ಇಲ್ಲ.

ದೊಡ್ಡಮ್ಮ ಅಷ್ಟರಲ್ಲಿ ನೆಂಟರಿಗೆಲ್ಲ ಸುದ್ದಿ ಮುಟ್ಟಿಸಿ ಆಗಿತ್ತು. ಮರುದಿನ ಒಬ್ಬೊಬ್ಬರಿಗೂ ತಾವೇ ಫೋನ್ ಮಾಡಿ, "ನಂದೇ ಲೆಕ್ಕ ತಪ್ಪಿತು, ಅವಳನ್ನ ಏನೂ ಕೇಳ್ಬೇಡಿ" ಎಂದರಂತೆ.

ಮೂರು ತಿಂಗಳಾದ ಮೇಲೆ ಇನ್ನೊಂದು ಐಯುಐ. ದೊಡ್ಡಮ್ಮ ಮತ್ತೆ ಬಂದರು. ವಿಶೇಷ ಕೇಳಲಿಲ್ಲ, ಮುಖವನ್ನೂ ನೋಡಲಿಲ್ಲ; ಕಿಟಕಿಯ ಕಡೆ ತಿರುಗಿ ಬಿಸಿಲನ್ನು ಬೈದರು. ಆಮೇಲೆ ಅಡುಗೆಮನೆ ಹೊಕ್ಕರು.

ಅಂದಿನ ಸಾರಿಗೆ ಇಂಗು ಬಿದ್ದಿರಲಿಲ್ಲ.