ಮಹಾಪ್ರಸ್ಥಾನದ ಪೂರ್ವಸಿದ್ಧತೆ

ಪಾಂಡವರು ಹಿಮಾಲಯಕ್ಕೆ ಹೊರಟಾಗ ಅಭ್ಯಾಸವೆಂಬುದನ್ನೇನೂ ಮಾಡಿಕೊಳ್ಳಲಿಲ್ಲ. ರಾಜ್ಯವನ್ನು ಪರೀಕ್ಷಿತನಿಗೆ ಒಪ್ಪಿಸಿ, ವಲ್ಕಲವನ್ನುಟ್ಟು, ಬುತ್ತಿಯಿಲ್ಲದೆ, ಹಾಸಿಗೆಯಿಲ್ಲದೆ, ಮಳೆಗೆಂದು ಒಂದು ಕಂಬಳಿಯೂ ಇಲ್ಲದೆ, ಐವರು ಗಂಡಸರೂ ಒಬ್ಬ ಹೆಂಗಸೂ ಒಂದು ನಾಯಿಯೂ ಸಾಲಾಗಿ ನಡೆದುಬಿಟ್ಟರು. ಅದರ ಫಲವು ಲೋಕವಿದಿತವಾಗಿದೆ: ಮೊದಲು ದ್ರೌಪದಿ, ಬಳಿಕ ಸಹದೇವ, ನಕುಲ, ಅರ್ಜುನ, ಕಡೆಗೆ ಭೀಮಸೇನ, ಹೀಗೆ ಒಬ್ಬೊಬ್ಬರಾಗಿ ದಾರಿಯಲ್ಲಿಯೇ ಬಿದ್ದರು. ನಮ್ಮ ಕುಮಾರವ್ಯಾಸನು ಗದಾಪರ್ವಕ್ಕೇ ಲೇಖನಿಯನ್ನು ಕೆಳಗಿಟ್ಟು ಈ ಪ್ರಯಾಸದಿಂದ ಪಾರಾದನು. ಪಾಂಡವರನ್ನು ಬೆಟ್ಟ ಹತ್ತಿಸುವ ಕಷ್ಟವು ಕೃಷ್ಣದೇವರಾಯನ ಕಾಲದ ತಿಮ್ಮಣ್ಣಕವಿಯ ಪಾಲಿಗೆ ಬಂದಿತು. ಬಿದ್ದವರಲ್ಲಿ ಪ್ರತಿಯೊಬ್ಬರ ದೋಷವನ್ನೂ ಧರ್ಮರಾಯನು ಭೀಮನಿಗೆ ವಿವರಿಸುತ್ತಾನೆ. ಇವಳಿಗೆ ಪಕ್ಷಪಾತ, ಇವನಿಗೆ ಜಾಣತನದ ಗರ್ವ, ಇವನಿಗೆ ರೂಪಮದ ಎಂದು ಹೇಳಿ, ಹಿಂದಿರುಗಿ ನೋಡದೆ ಮುಂದೆ ನಡೆಯುತ್ತಾನೆ. ಧರ್ಮಸೂಕ್ಷ್ಮವನ್ನು ಬಲ್ಲವರು ಇದನ್ನು ಹೇಗಾದರೂ ಸಮರ್ಥಿಸಲಿ. ಚಾರಣದ ಮುಂದಾಳಾಗಿ ನೋಡಿದರೆ ಆ ಮಹಾನುಭಾವನಿಗೆ ನಾನು ಉತ್ತೀರ್ಣಪತ್ರವನ್ನು ಕೊಡಲಾರೆ.

ಈ ಹಳೆಯ ಕಥೆಯನ್ನು ಎತ್ತಿಕೊಳ್ಳುವುದಕ್ಕೆ ಕಾರಣವುಂಟು. ಉತ್ತರಾಖಂಡದ ಉತ್ತರಕಾಶಿ ಜಿಲ್ಲೆಯಲ್ಲಿ ಹರ್ ಕಿ ದೂನ್ ಎಂಬ ಕಣಿವೆಯಿದೆ. ಅದರ ನೆತ್ತಿಯ ಮೇಲೆ 6,252 ಮೀಟರು ಎತ್ತರದ ಸ್ವರ್ಗಾರೋಹಿಣಿ ಶಿಖರವು ನಿಂತಿದೆ. ಪಾಂಡವರು ಹೋದದ್ದು ಈ ದಾರಿಯಲ್ಲಿಯೇ ಎಂದು ಆ ಸೀಮೆಯ ಜನರ ನಂಬಿಕೆ. ತಾಲುಕಾ ಎಂಬ ಹಳ್ಳಿಯಿಂದ ನಡೆದು, ಓಸ್ಲಾವನ್ನು ದಾಟಿ, ಕಣಿವೆಯನ್ನು ಕಂಡು, ಅಲ್ಲಿಂದ ರುಯಿನ್‌ಸಾರಾ ಸರೋವರಕ್ಕೂ ಹೋಗಿಬರಬೇಕು. ಅದೂ ಹೇಸರಗತ್ತೆಯಿಲ್ಲದೆ, ಕೂಲಿಯಾಳಿಲ್ಲದೆ, ಗುಡಾರ, ದಿನಸಿ, ಹೊದಿಕೆಗಳನ್ನೆಲ್ಲ ನಮ್ಮ ನಮ್ಮ ಬೆನ್ನಿನ ಮೇಲೆಯೇ ಹೊತ್ತು. ಈ ಸಂಕಲ್ಪವನ್ನು ಮಾಡಿದವನು ನನ್ನ ಭಾವಮೈದುನ. ಮಾಡಿದ್ದು ಒಂದು ಬೀಗರೂಟದ ತರುವಾಯ. ಊಟವಾದ ಮೇಲೆ ಅಡಕೆಯನ್ನು ಅಗಿಯುತ್ತ ಮನುಷ್ಯನು ಮಾಡುವ ಸಂಕಲ್ಪಗಳಿಗೆ ಯಾವ ಎತ್ತರವೂ ಎತ್ತರವಲ್ಲ. ಅಡಕೆ ಮುಗಿಯುವುದರೊಳಗಾಗಿ ನನ್ನಾಕೆ, ನಮ್ಮ ಮಗಳು, ಬ್ಯಾಂಕಿನಿಂದ ನಿವೃತ್ತನಾದ ನನ್ನ ಸ್ನೇಹಿತ, ಪಕ್ಕದ ಮನೆಯ ಗಣಿತದ ಮೇಷ್ಟ್ರು, ಇಷ್ಟು ಮಂದಿಯೂ ಒಪ್ಪಿಯಾಗಿತ್ತು.

ಮೈಸೂರಿನವರಿಗೆ ಅಭ್ಯಾಸಸ್ಥಳವನ್ನು ಹುಡುಕಬೇಕಾಗಿಲ್ಲ. ಚಾಮುಂಡಿಬೆಟ್ಟಕ್ಕೆ ಸಾವಿರಕ್ಕೆ ಮೀರಿದ ಮೆಟ್ಟಿಲುಗಳುಂಟು. ಏಳುನೂರರ ಆಸುಪಾಸಿನಲ್ಲಿ, ದೊಡ್ಡದೇವರಾಜ ಒಡೆಯರು ಹದಿನೇಳನೆಯ ಶತಮಾನದಲ್ಲಿ ಕಡೆಯಿಸಿದ ಏಕಶಿಲೆಯ ನಂದಿಯು, ಏದುಸಿರು ಬಿಡುತ್ತ ಬರುವವರನ್ನು ನಿರುದ್ವಿಗ್ನವಾಗಿ ನೋಡುತ್ತ ಕುಳಿತಿದೆ. ಆದರೆ ಬರಿಗೈಯಲ್ಲಿ ಹತ್ತಿದರೆ ಅಭ್ಯಾಸವೆನಿಸದು, ಹೊರೆಯಿರಬೇಕು. ಹೊರೆಯು ದೇಹತೂಕದ ಐದರಲ್ಲೊಂದು ಪಾಲನ್ನು ಮೀರದಿದ್ದರೆ ಕ್ಷೇಮವೆಂದೂ, ಭಾರವಾದ ವಸ್ತುಗಳು ಬೆನ್ನಿಗೆ ಅಂಟಿಕೊಂಡಿರಬೇಕೆಂದೂ, ಹೆಚ್ಚಿನ ಭಾರವನ್ನು ಹೆಗಲಲ್ಲ, ಸೊಂಟದ ಪಟ್ಟಿಯೇ ಹೊರಬೇಕೆಂದೂ ಅನುಭವಸ್ಥರು ಹೇಳುತ್ತಾರೆ. ಈ ಲೆಕ್ಕವನ್ನು ಕೇಳಿ ಸಂತೋಷಪಟ್ಟವನು ನನ್ನ ಸ್ನೇಹಿತನೊಬ್ಬನೇ. “ಹಾಗಾದ್ರೆ ನನಗೆ ಹದಿನೆಂಟು ಕೆ.ಜಿ. ಬರುತ್ತೆ ಕಣಯ್ಯ” ಎಂದು ಘೋಷಿಸಿ, ಅದರ ಬಹುಭಾಗವನ್ನು ಚಕ್ಕುಲಿ, ಕೋಡುಬಳೆ, ನಿಪ್ಪಟ್ಟುಗಳಿಂದ ತುಂಬಿಸಿಕೊಂಡನು. ಭೀಮಸೇನನು ಬಿದ್ದುದಕ್ಕೆ ಅಣ್ಣನು ಕೊಟ್ಟ ಕಾರಣವು ಅತಿಭೋಜನವೆಂಬುದನ್ನು ಅವನಿಗೆ ನೆನಪಿಸಿದೆವು, ಪ್ರಯೋಜನವಾಗಲಿಲ್ಲ. ನಂದಿಯನ್ನು ಮುಟ್ಟುವ ಹೊತ್ತಿಗೆ ಅವನ ಚೀಲವು ಗಣನೀಯವಾಗಿ ಹಗುರಾಗಿತ್ತಾದರೂ, ಚೀಲವನ್ನೂ ಅವನನ್ನೂ ಒಟ್ಟಿಗೆ ತೂಗಿದ್ದರೆ ಬುಡದಲ್ಲಿ ಇದ್ದಷ್ಟೇ ಇರುತ್ತಿತ್ತು.

ಉಳಿದವರು ಅಕ್ಕಿಯನ್ನು ಹೊತ್ತೆವು. “ರೀ, ಡಬ್ಬಿ ಬರಿದು ಮಾಡ್ಕೊಂಡು ಬೆಟ್ಟಕ್ಕೆ ಹೊರಟ್ರೆ ಮಧ್ಯಾಹ್ನಕ್ಕೆ ಏನನ್ನ ಬೇಯಿಸ್ಲಿ?” ಎಂದು ನನ್ನಾಕೆ ಕೇಳಿದಳು, ಬೇಯಿಸತಕ್ಕವಳೂ ಅದೇ ಅಕ್ಕಿಯನ್ನು ಹೊತ್ತು ನಮ್ಮೊಡನೆ ಬರುತ್ತಿದ್ದುದರಿಂದ ಆ ಪ್ರಶ್ನೆಯು ತಾನಾಗಿಯೇ ಬಿದ್ದುಹೋಯಿತು. ಮೇಷ್ಟ್ರು ಮಾತ್ರ ನೀರನ್ನು ತುಂಬಿದ ಶೀಷೆಗಳನ್ನು ತಂದರು. ಹತ್ತುವಾಗ ಭಾರವಿರಲಿ, ತುದಿಯಲ್ಲಿ ಅದನ್ನು ಗಿಡಕ್ಕೆ ಸುರಿದುಬಿಟ್ಟರೆ ಇಳಿಯುವಾಗ ಮಂಡಿಗಳು ಉಳಿಯುತ್ತವೆ ಎಂಬುದು ಅವರ ತರ್ಕ. ಏರು ದಾರಿಯು ಉಸಿರನ್ನು ಪರೀಕ್ಷಿಸಿದರೆ ಇಳಿದಾರಿಯು ತೊಡೆಯನ್ನೂ ಮಂಡಿಯನ್ನೂ ಪರೀಕ್ಷಿಸುತ್ತದೆ; ಮರುದಿನ ಕಕ್ಕಸಿನಲ್ಲಿ ಕುಳಿತೇಳುವಾಗ ಪ್ರಾಣ ಹೋದಂತಾಗುವುದು ಹತ್ತಿದ್ದರಿಂದಲ್ಲ, ಇಳಿದದ್ದರಿಂದ. ಆದುದರಿಂದ ಇಳಿಯುವ ಅಭ್ಯಾಸವೇ ಮುಖ್ಯವೆಂದು ನಾನು ಉಪನ್ಯಾಸವನ್ನು ಮಾಡುತ್ತಿರುವಾಗಲೇ, ತುದಿಯಲ್ಲಿ ನಿಂತಿದ್ದ ಸರ್ಕಾರಿ ಬಸ್ಸಿನ ಕಿಟಕಿಯಿಂದ ನನ್ನಾಕೆಯೂ ಮಗಳೂ ಕೈಬೀಸಿದರು. 2023ರಿಂದ ಹೆಂಗಸರಿಗೆ ಈ ಬಸ್ಸುಗಳಲ್ಲಿ ಟಿಕೆಟ್ಟಿನ ದುಡ್ಡಿಲ್ಲವಷ್ಟೆ. ಶಕ್ತಿದೇವತೆಯ ಸನ್ನಿಧಿಯಲ್ಲಿ ಶಕ್ತಿ ಯೋಜನೆಯನ್ನು ನಿಂದಿಸುವ ಧೈರ್ಯ ನನಗಿಲ್ಲ. ಆದರೆ ಸರ್ಕಾರದ ಈ ಔದಾರ್ಯದಿಂದ ನಮ್ಮ ಸ್ತ್ರೀಸಮೂಹದ ಮಂಡಿಗಳ ಶಿಕ್ಷಣವು ಅರ್ಧಕ್ಕೇ ನಿಂತಿದೆಯೆಂಬುದು ನಿಜ.

ಆಷಾಢದ ಒಂದು ಶುಕ್ರವಾರ ಹೊರಟದ್ದು ಭಾವಮೈದುನನ ಹಟ. ಅಂದು ಮೆಟ್ಟಿಲು ಮೆಟ್ಟಿಲಿಗೂ ಅರಿಶಿನ ಕುಂಕುಮವನ್ನು ಹಚ್ಚುತ್ತ ಭಕ್ತೆಯರು ಬಗ್ಗಿಕೊಂಡೇ ಮೇಲೇರುತ್ತಿದ್ದರು. ಬಾಗಿದ ಬೆನ್ನಿನ ಮೇಲೆ ದಪ್ಪ ಚೀಲವನ್ನು ಹೊತ್ತ ನಮ್ಮ ಸಾಲನ್ನು ಕಂಡು ಒಬ್ಬ ವೃದ್ಧೆ ಕೈಯಲ್ಲಿದ್ದ ಕುಂಕುಮದ ಬಟ್ಟಲನ್ನು ಪಕ್ಕಕ್ಕಿಟ್ಟು, “ಏನಪ್ಪಾ, ಯಾವ ಹರಕೆ ನಿಮ್ದು?” ಎಂದು ಭಕ್ತಿಯಿಂದ ಕೇಳಿದಳು. ಭಾವಮೈದುನನು ಹಿಮಾಲಯ, ಸ್ವರ್ಗಾರೋಹಿಣಿ, ಚೀಲದ ಅಕ್ಕಿ ಎಲ್ಲವನ್ನೂ ವಿಸ್ತಾರವಾಗಿ ನಿರೂಪಿಸಿದನು. ಆಕೆ ಪೂರ್ತಿಯಾಗಿ ಕೇಳಿ, “ಅಯ್ಯೋ ಮಗ, ಅಲ್ಲಿ ಅಕ್ಕಿ ಸಿಕ್ಕಲ್ವಾ?” ಎಂದು ಮರುಗಿ, ನಮ್ಮ ಚೀಲಗಳಿಗೂ ಒಂದೊಂದು ಬೊಟ್ಟು ಕುಂಕುಮವನ್ನಿಟ್ಟು ಮುಂದಿನ ಮೆಟ್ಟಿಲಿಗೆ ಹೋದಳು.

ಗುಡಾರದ ಅಭ್ಯಾಸವನ್ನು ನಮ್ಮ ಮನೆಯ ತಾರಸಿಯ ಮೇಲೆ ನಡೆಸಿದೆವು. ಹಿಮಕ್ಕೆಂದು ಹೊಲಿದ ಮಲಗುಚೀಲದೊಳಗೆ ಮೈಸೂರಿನ ಸೆಕೆಯಲ್ಲಿ ಮಲಗುವುದು ಎಂಥದೆಂಬುದನ್ನು ವರ್ಣಿಸಬೇಕಾಗಿಲ್ಲ. ಮುಂದೆ ಕುಮಾರಪರ್ವತಕ್ಕೂ ಹೋಗಿಬಂದೆವು. 1,712 ಮೀಟರಿನ ಆ ಬೆಟ್ಟವು ಕುಕ್ಕೆಯ ಕಡೆಯಿಂದ ಹತ್ತುವವರ ಅಹಂಕಾರವನ್ನು ಇಳಿಸುವುದರಲ್ಲಿ ಪ್ರಸಿದ್ಧವಾದುದು. ನನ್ನ ಸ್ನೇಹಿತನು ಇಂದಿಗೂ ಶಿಖರದ ಮಾತನ್ನು ಎತ್ತುವುದಿಲ್ಲ. ನಡುದಾರಿಯ ಭಟ್ಟರ ಮನೆಯ ಊಟವನ್ನೇ ಸ್ಮರಿಸುತ್ತಾನೆ.

ಆ ದಾರಿಯಲ್ಲಿಯೇ ಧರ್ಮರಾಯನ ಪ್ರಶ್ನೆಯು ಎದ್ದಿತು. ಭಾವಮೈದುನನು ಎಲ್ಲರಿಗಿಂತ ನೂರು ಮಾರು ಮುಂದೆ ನಡೆದು, ಬಂಡೆಯೊಂದರ ಮೇಲೆ ಕುಳಿತು, ಹಿಂದಿನವರು ಒಬ್ಬೊಬ್ಬರಾಗಿ ಬಂದಂತೆ ಅವರವರ ದೋಷವನ್ನು ಘೋಷಿಸುತ್ತಿದ್ದನು: “ಭಾವ, ನಿಮ್ದು ಹೆಜ್ಜೆ ಉದ್ದ. ಅಕ್ಕ, ನೀನು ನೀರು ಜಾಸ್ತಿ ಕುಡೀತೀಯ. ಮೇಷ್ಟ್ರೇ, ನಿಮಗೆ ವಯಸ್ಸಾಯ್ತು.” ಕೊನೆಯವರು ಬಂದು ಮುಟ್ಟುವಷ್ಟರಲ್ಲಿ ಅವನ ವಿಶ್ರಾಂತಿ ಮುಗಿದಿರುತ್ತಿತ್ತು, ಕೂಡಲೇ ಎದ್ದು ಹೊರಡುತ್ತಿದ್ದನು. ಅಂದರೆ ಯಾರಿಗೆ ವಿಶ್ರಾಂತಿ ಅತ್ಯಗತ್ಯವೋ ಅವರಿಗೆ ಮಾತ್ರ ಅದು ಇಲ್ಲ. ಬೆಟ್ಟಗಳನ್ನು ಬಲ್ಲವರು ಇದಕ್ಕೆ ಕಂಡುಕೊಂಡಿರುವ ಉಪಾಯವು ಅತ್ಯಂತ ಸರಳವಾದುದು: ಅತಿ ನಿಧಾನವಾಗಿ ನಡೆಯುವವನನ್ನು ಸಾಲಿನ ಮೊದಲಲ್ಲಿ ನಿಲ್ಲಿಸುವುದು. ಉಪಾಯವು ಸರಳವಾದರೂ, ಅತಿ ನಿಧಾನದವರು ಯಾರೆಂಬುದನ್ನು ಒಂದು ಕುಟುಂಬದಲ್ಲಿ ನಿರ್ಣಯಿಸುವುದು ಸರಳವಲ್ಲ. ಪ್ರತಿಯೊಬ್ಬರೂ ಆ ಪದವಿಯನ್ನು ವಿನಯದಿಂದ ಇನ್ನೊಬ್ಬರಿಗೆ ಬಿಟ್ಟುಕೊಟ್ಟೆವು. ಕಡೆಗೆ ಮೇಷ್ಟ್ರೇ, “ಕ್ಲಾಸಿನಲ್ಲಿ ನಲವತ್ತು ಹುಡುಗರ ಮುಂದೆ ನಿಂತವನು ನಾನು, ನಿಮ್ಮ ಮುಂದೆ ನಿಲ್ಲಲಾರೆನೆ?” ಎಂದು ಮುಂದಾದರು. ಅಲ್ಲಿಂದಾಚೆಗೆ ನಮಗೆ ಮಾತನಾಡುವಷ್ಟು ಉಸಿರು ಉಳಿಯತೊಡಗಿತು. ಉಸಿರು ಉಳಿದದ್ದರಿಂದ ನನ್ನಾಕೆಗೂ ಅವಳ ತಮ್ಮನಿಗೂ ತವರಿನ ತೆಂಗಿನತೋಟದ ವಿಷಯವಾಗಿ ವಾಗ್ವಾದವೂ ಹತ್ತಿತು. ನಡೆಯುತ್ತ ಮಾತನಾಡಲು ಸಾಧ್ಯವಾಗುವುದೇ ತಕ್ಕ ವೇಗದ ಲಕ್ಷಣವೆಂದು ಹೇಳುತ್ತಾರೆ. ಜಗಳವಾಡಲು ಸಾಧ್ಯವಾಗುವುದು ಅದಕ್ಕಿಂತಲೂ ಖಚಿತವಾದ ಲಕ್ಷಣ.

ಭಾವಮೈದುನನಿಗೆ ಈ ಮಂದಗತಿಯು ಸಹ್ಯವಾಗಲಿಲ್ಲ. ಅವನ ಬಾಯಿ ಕಟ್ಟಿದುದು ಮೇಷ್ಟ್ರ ಲೆಕ್ಕ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರು. ಹರ್ ಕಿ ದೂನ್ 3,566 ಮೀಟರು. ಅಲ್ಲಿಯ ಗಾಳಿಯ ಒತ್ತಡ ಕಡಲತೀರದ ಒತ್ತಡದ ಮೂರರಲ್ಲೆರಡು ಪಾಲಿನಷ್ಟೇ. ಆ ತೆಳುಗಾಳಿಗೆ ನಮ್ಮ ಕಡೆಯ ಯಾವ ಬೆಟ್ಟವೂ ದೇಹವನ್ನು ಹದಗೊಳಿಸಲಾರದು. ತೋಳ್ಬಲವಾಗಲಿ ಯೌವನವಾಗಲಿ ಎತ್ತರದ ಕಾಯಿಲೆಯನ್ನು ತಡೆಯಲಾರವು. ವೇಗವಾಗಿ ಹತ್ತಬಲ್ಲ ಗಟ್ಟಿಗನಿಗೇ ಕೆಲವೊಮ್ಮೆ ಅಪಾಯ ಹೆಚ್ಚು. ಮೂರು ಸಾವಿರ ಮೀಟರು ದಾಟಿದ ಮೇಲೆ ಮಲಗುವ ಸ್ಥಳವನ್ನು ದಿನಕ್ಕೆ ಐನೂರು ಮೀಟರಿಗಿಂತ ಮೇಲಕ್ಕೆ ಒಯ್ಯಬಾರದು, ತಲೆನೋವು ವಾಕರಿಕೆ ಕಂಡರೆ ಅಲ್ಲಿಯೇ ನಿಲ್ಲಬೇಕು, ಕಡಿಮೆಯಾಗದಿದ್ದರೆ ಇಳಿಯಬೇಕು. ಅಂದರೆ ಅಲ್ಲಿ ನಿಧಾನವೆಂಬುದು ದೌರ್ಬಲ್ಯವಲ್ಲ, ಔಷಧ. ಇಷ್ಟನ್ನು ಮೇಷ್ಟ್ರು ಸ್ಲೇಟಿನ ಮೇಲೆ ಗೀಟೆಳೆದು ತೋರಿಸಿದ ಮೇಲೆ, ಧರ್ಮರಾಯನ ಪಾತ್ರವು ನಮ್ಮ ಮನೆಯಲ್ಲಿ ರದ್ದಾಯಿತು. ಈಗ ಭಾವಮೈದುನನು ಸಾಲಿನ ಕೊನೆಯಲ್ಲಿ ನಡೆಯುತ್ತಾನೆ. ಬಿದ್ದವರ ದೋಷವನ್ನು ಹೇಳುವ ಬದಲು ಅವರ ಚೀಲವನ್ನು ಎತ್ತಿಕೊಡುತ್ತಾನೆ.

ಚಾಮುಂಡಿಬೆಟ್ಟದ ಅಭ್ಯಾಸವು ಹೊರಡುವ ವಾರದವರೆಗೂ ಬೆಳಗಿನ ಹೊತ್ತು ನಡೆಯುತ್ತದೆ. ಮೆಟ್ಟಿಲುಗಳ ಮೇಲೆ ನಾವು ಎದುರಾದಲ್ಲಿ, ಎಲ್ಲಿಗೆ, ಏಕೆ, ಎಷ್ಟು ಕೆ.ಜಿ. ಎಂಬ ಪ್ರಶ್ನೆಗಳನ್ನು ಕೇಳಬೇಡಿರೆಂದು ವಾಚಕಮಹಾಶಯರಲ್ಲಿ ನನ್ನ ಬಿನ್ನಹ. ಉತ್ತರ ಹೇಳಲು ಭಾವಮೈದುನನು ಸಿದ್ಧನಾಗಿರುತ್ತಾನೆ, ಕೇಳುತ್ತ ನಿಲ್ಲಲು ಉಳಿದವರ ಹೆಗಲು ಸಿದ್ಧವಾಗಿರುವುದಿಲ್ಲ. ಬೆಟ್ಟದ ದಾರಿಯಲ್ಲಿ ಇಳಿಯುವವರು ಹತ್ತುವವರಿಗೆ ದಾರಿಬಿಡುವುದು ಎಲ್ಲೆಡೆಯೂ ನಡೆದುಬಂದಿರುವ ಪದ್ಧತಿ. ದಯವಿಟ್ಟು ಪಕ್ಕಕ್ಕೆ ಸರಿದು, ಮೇಷ್ಟ್ರನ್ನು ಮೊದಲು ಹೋಗಗೊಡಿ.