ಸಾಣೆಕಲ್ಲಿನ ಸಮತಲೀಕರಣದಲ್ಲಿ ವಜ್ರಫಲಕದ ಆಯ್ಕೆ: ಕೆಲವು ತಾತ್ವಿಕ ನೆಲೆಗಳು

1. ಪೀಠಿಕೆ

ಕ್ಷೌರದ ಕತ್ತಿ ಮಸೆಯುವ ಕಲ್ಲು ನಡುವೆ ಸವೆದು ಗುಳಿ ಬೀಳುತ್ತದೆ ಎಂಬುದು ಲೋಕಾನುಭವ. ಲೋಕಾನುಭವ ಎಂಬ ಕಾರಣಕ್ಕೇ ಅದನ್ನು ಇಲ್ಲಿ ಒಪ್ಪಲಾಗದು. ಪ್ರಸ್ತುತ ಅಧ್ಯಯನವು ಅದನ್ನು ಮೊದಲು ‘ಶಿಲಾಮಧ್ಯ ಕ್ಷಯಸಂಕಥನ’ ಎಂದು ಕರೆದು, ಆನಂತರ ಒಪ್ಪುತ್ತದೆ.

2. ಸಮಸ್ಯೆಯ ಸ್ವರೂಪ ಮತ್ತು ವ್ಯಾಪ್ತಿ

ಮಡಚುಗತ್ತಿಯನ್ನು ಮಸೆಯುವಾಗ ಬೆನ್ನೂ ಬಾಯಿಯೂ ಒಟ್ಟಿಗೇ ಕಲ್ಲಿಗೆ ತಾಗಿರಬೇಕು. ಬಾಯಿಯ ಕೋನವನ್ನು ಬೆನ್ನಿನ ದಪ್ಪವೇ ಕಾಯುತ್ತದೆ. ಕಲ್ಲು ಗುಳಿಬಿದ್ದರೆ ಈ ‘ಪೃಷ್ಠಮುಖ ಅನುಸಂಧಾನ’ ತಪ್ಪಿ ಬಾಯಿ ಒಂದು ಕಡೆ ಹರಿತ, ಒಂದು ಕಡೆ ಮೊಂಡಾಗುತ್ತದೆ. ಪರಿಣಾಮ ಕೆನ್ನೆಯ ಮೇಲೆ ಕಾಣುತ್ತದೆ. ಕೆನ್ನೆ ಈ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ.

3. ವರ್ಗೀಕರಣ

ಲೋಹದ ಹಲಗೆಗೆ ವಜ್ರದ ಹರಳುಗಳನ್ನು ನಿಕಲ್ ಲೇಪದಲ್ಲಿ ಕೂರಿಸಿದ್ದೇ ವಜ್ರಫಲಕ. ಜಪಾನಿನ ಅಟೋಮಾ ಫಲಕಗಳನ್ನು ಆಧರಿಸಿ:

(ಅ) ಸ್ಥೂಲಕಣಾತ್ಮಕ, 140 ಗ್ರಿಟ್. ಗುಳಿಯನ್ನು ಬೇಗ ತೆಗೆಯುತ್ತದೆ, ನಯಗಲ್ಲಿನ ಮೇಲೆ ಗೀರು ಉಳಿಸುತ್ತದೆ.

(ಆ) ಮಧ್ಯಮಕಣಾತ್ಮಕ, 400 ಗ್ರಿಟ್.

(ಇ) ಸೂಕ್ಷ್ಮಕಣಾತ್ಮಕ, 1200 ಗ್ರಿಟ್. ಒದ್ದೆ ನಯಗಲ್ಲಿಗೆ ಕಚ್ಚಿಕೊಂಡು ಬಿಡಿಸಿದರೂ ಬಿಡದು. ಇದನ್ನು ‘ಆರ್ದ್ರಾಲಿಂಗನ ಸ್ಥಿತಿ’ ಎನ್ನಬಹುದು.

(ಈ) ಉಭಯಾತ್ಮಕ. (ಉ) ಉಭಯೇತರ. (ಊ)

ಸಾಕು. 400ರದು ಒಂದಿದ್ದರೆ ಕೆಲಸವಾಗುತ್ತದೆ. ಕಲ್ಲಿನ ಮೇಲೆ ಪೆನ್ಸಿಲ್ಲಿನಲ್ಲಿ ಚೌಕುಳಿ ಗೀಚಿ, ನೀರು ಬಿಟ್ಟುಕೊಂಡು ಉಜ್ಜಿ. ಗೆರೆ ಅಳಿದಲ್ಲಿ ಉಬ್ಬು, ಉಳಿದಲ್ಲಿ ತಗ್ಗು. ಎಲ್ಲ ಅಳಿಯುವವರೆಗೆ ಉಜ್ಜಿ, ಕಲ್ಲಿನ ಅಂಚುಗಳನ್ನು ಸವರಿ. ಒರಟುಗಲ್ಲಿನ ರಾಡಿಯನ್ನು ಆಗಾಗ ತೊಳೆಯಿರಿ. ಅದು ಲೇಪವನ್ನು ತಿಂದರೆ ಹರಳು ಉದುರುತ್ತದೆ.

4. ಅನವಸ್ಥಾದೋಷ

ಕಲ್ಲನ್ನು ಫಲಕ ತಿದ್ದುತ್ತದೆ ಸರಿ, ಫಲಕ ಸಮವಾಗಿದೆಯೆಂದು ಹೇಳುವವರು ಯಾರು? ಅಳತೆಪಟ್ಟಿ. ಅಳತೆಪಟ್ಟಿಯ ವಿಷಯ? ನೈಯಾಯಿಕರು ಇದಕ್ಕೆ ಅನವಸ್ಥೆ ಎನ್ನುತ್ತಾರೆ. ಇದರಿಂದ ಪಾರಾಗುವ ದಾರಿಯನ್ನು ಎಂಜಿನಿಯರ್ ಜೋಸೆಫ್ ವಿಟ್‌ವರ್ತ್ 1840ರಲ್ಲಿ ಗ್ಲಾಸ್ಗೋದ ವಿಜ್ಞಾನಿಗಳ ಸಭೆಯಲ್ಲಿ ವಿವರಿಸಿದ. ಎರಡೇ ಫಲಕಗಳನ್ನು ತಾಳೆ ನೋಡಿದರೆ ಒಂದರ ಉಬ್ಬು ಇನ್ನೊಂದರ ತಗ್ಗಿನಲ್ಲಿ ಕೂತು ಎರಡೂ ನೆಟ್ಟಗಿರುವಂತೆ ಕಾಣುತ್ತವೆ. ಮೂರನೆಯದನ್ನು ತಂದು ಅದಲುಬದಲಾಗಿ ತಾಳೆ ನೋಡಿ ಉಬ್ಬುಗಳನ್ನು ಕೆರೆಯುತ್ತ ಹೋದರೆ ಆ ಒಳಒಪ್ಪಂದ ನಡೆಯದು.

ನಮ್ಮ ಪಿಎಚ್.ಡಿ. ಮೌಖಿಕ ಪರೀಕ್ಷೆಗಳಲ್ಲಿ ಇರುವುದು ಎರಡೇ ಫಲಕ. ಮಾರ್ಗದರ್ಶಕರ ಉಬ್ಬು ಪರೀಕ್ಷಕರ ತಗ್ಗಿನಲ್ಲಿ ಕೂದಲೆಳೆ ನುಸುಳದಂತೆ ಕೂರುತ್ತದೆ. ಚಹಾ ಬರುತ್ತದೆ, ಶಾಲು ಬರುತ್ತದೆ, ‘ಪದವಿಗೆ ಅರ್ಹ’ ಎಂಬ ವರದಿಯೂ ಬರುತ್ತದೆ.

5. ಅನುಬಂಧ: ವಕ್ತೃಗಳ ವಿವರ

ವಕ್ತೃ 1. ವಯಸ್ಸು: ಸುಮಾರು ಎಪ್ಪತ್ತು. ವಿದ್ಯಾಭ್ಯಾಸ: ಇಲ್ಲ. ಕಸುಬು: ಕ್ಷೌರ.

ವಿದ್ಯಾಭ್ಯಾಸ ಇಲ್ಲವಂತೆ! ಕಲ್ಲಿನ ಮೇಲೆ ಬೆರಳಾಡಿಸಿ ಗುಳಿ ಎಲ್ಲಿದೆಯೆಂದು ಹೇಳುವವರು, ಊರಿನ ಗಂಟಲುಗಳ ಮೇಲೆ ಬರಿ ಕತ್ತಿ ಆಡಿಸಿ ನೆತ್ತರು ಕಾಣಿಸದವರು. ಅವರು ಹೇಳಿದ್ದನ್ನು ಬರೆದುಕೊಂಡು ಬಂದು, ಸಂಸ್ಕೃತದ ಅಂಗಿ ತೊಡಿಸಿ, ಡಾಕ್ಟರು ಎನಿಸಿಕೊಂಡವರು ವಿದ್ಯಾವಂತರು. ಆ ಕಸುಬಿಗೆ ಜಾತಿಯ ಬೇಲಿ ಹಾಕಿ, ಅದರ ಹೆಸರನ್ನೇ ಬೈಗುಳ ಮಾಡಿಕೊಂಡವರು ನಾವು. ಏಡ್ಸ್ ಭಯ ಬಂದ ಮೇಲೆ ಅಂಗಡಿಗಳಲ್ಲಿ ಬಳಸಿ ಬಿಸಾಡುವ ಅರ್ಧ ಬ್ಲೇಡು ಬಂತು, ಒಳ್ಳೆಯದೇ ಆಯಿತು. ಆದರೆ ಕತ್ತಿಯ ಜೊತೆಗೆ ಆ ಬೆರಳಿನ ಅರಿವೂ ಹೋಯಿತು. ಅದನ್ನು ಉಳಿಸಿಕೊಳ್ಳಬೇಕೆಂದು ಯಾವ ವಿಭಾಗಕ್ಕೂ ಅನ್ನಿಸಲಿಲ್ಲ. ಈಗ ಅದೇ ಅರಿವು ಜಪಾನಿನ ಫಲಕವಾಗಿ, ಉಳ್ಳವರ ಹವ್ಯಾಸವಾಗಿ, ಸಾವಿರಗಟ್ಟಲೆ ಬೆಲೆಗೆ ಮನೆಬಾಗಿಲಿಗೆ ಬರುತ್ತಿದೆ.

6. ಉಪಸಂಹಾರ

ಮುಂದಿನ ಸಂಶೋಧಕರಿಗೆ ಒಂದೇ ಸಲಹೆ. ‘ವಕ್ತೃ 1’ ಎಂಬುದನ್ನು ಹೊಡೆದುಹಾಕಿ. ಅವರ ಹೆಸರು ಕೇಳಿ, ಮುಖಪುಟದಲ್ಲಿ ಮಾರ್ಗದರ್ಶಕರು ಎಂದಿರುವ ಕಡೆ ಬರೆಯಿರಿ. ಪದವಿ ಕೊಡುವುದಿಲ್ಲ ಎಂದರೆ ಮೂರನೆಯ ಫಲಕ ತರಿಸಿ ಎನ್ನಿ.