ಎರಡು ಮೋರಿ

(ಗೂಳೂರು. ಕಾರ್ತಿಕ ಮಾಸದ ಒಂದು ಬೆಳಗ್ಗೆ. ಗಣಪನ ಗುಡಿ ಕಡೆಯಿಂದ ಗಂಟೆ ಸದ್ದು. ರಂಗಪ್ಪನ ಮನೆಯ ಹಿತ್ತಲಲ್ಲಿ ಬಚ್ಚಲ ಮೋರಿ ಕಟ್ಟಿಕೊಂಡು ನೀರು ಮಡುಗಟ್ಟಿದೆ. ಪಕ್ಕದ ಚಪ್ಪಡಿ ಮೇಲೆ ತುಂಬಿದ ಚೊಂಬು, ಕಲ್ಲುಪ್ಪಿನ ಡಬ್ಬಿ, ಮಗುವಿಗೆ ಹಾಲು ಕುಡಿಸುವ ಬೆಳ್ಳಿ ಒಳಲೆ.)

ರಂಗಪ್ಪ: ಗಂಗಬ್ಬಾ! ಇವತ್ತು ದಾದು ಬೂಗು ತೊಳೀತೀದಿ!

ಗಂಗಮ್ಮ: ಯಾರ ಮಗು ತೊಳೀತೀರಿ?

ರಂಗಪ್ಪ: ಬಗು ಅಲ್ಲ ಕಡೇ, ಬೂಗು! ಬೂಗು!

(ಮೂಗು ಕಟ್ಟಿದವನ ಬಾಯಲ್ಲಿ ‘ಮ’ ಹೋಗಿ ‘ಬ’ ಆಗುತ್ತದೆ, ‘ನ’ ಹೋಗಿ ‘ದ’ ಆಗುತ್ತದೆ. ಓದುಗರ ಅನುಕೂಲಕ್ಕಾಗಿ ಇಲ್ಲಿಂದ ಮುಂದೆ ರಂಗಪ್ಪನ ಮಾತನ್ನು ಮೂಗು ಬಿಡಿಸಿ ಬರೆದಿದೆ.)

ಗಂಗಮ್ಮ: ಮೊದಲು ಮೋರಿ ಬಿಡಿಸ್ರಿ. ಮೂರು ದಿನದಿಂದ ಬಡ್ಕೊಂತಿದೀನಿ. ಗಬ್ಬು ನಾತ.

ರಂಗಪ್ಪ: ನನಗೇನೂ ಬರ್ತಿಲ್ಲ.

ಗಂಗಮ್ಮ: ಅದಕ್ಕೇ ಅಲ್ವಾ ಆ ಕೆಲಸ ನಿಮಗೆ ಮೀಸಲು? ಈ ಮನೇಲಿ ಸತ್ತ ಹೆಗ್ಗಣ ಎತ್ತೋರು ಯಾವತ್ತೂ ನೀವೇ.

ರಂಗಪ್ಪ: ಹಣೆ ಮೇಲೆ ಒಳಕಲ್ಲು ಇಟ್ಟಂಗೈತೆ ಕಣೇ. ಪಟಾಕಿ ಹೊಗೆ ಬೇರೆ, ಈ ಮಂಜು ಬೇರೆ. ಯೋಗದ ಮೇಷ್ಟ್ರು ಜಲನೇತಿ ಮಾಡು ಅಂದವ್ರೆ. ಒಂದು ಹೊಳ್ಳೇಲಿ ಉಪ್ಪುನೀರು ಬಿಟ್ರೆ ಇನ್ನೊಂದರಲ್ಲಿ ಬರ್ತೈತಂತೆ. ಸ್ವಾತ್ಮಾರಾಮರ ‘ಹಠಯೋಗ ಪ್ರದೀಪಿಕೆ’ಯಲ್ಲೇ ನೇತಿ ಐತಂತೆ. ಆದ್ರೆ ಅಲ್ಲಿ ನೀರಲ್ಲ, ದಾರ. ಮೂಗಲ್ಲಿ ತೂರಿಸಿ ಬಾಯಲ್ಲಿ ಎಳೀಬೇಕು.

ಗಂಗಮ್ಮ: ದಾರವಾ? ಅದನ್ನೇ ಮಾಡ್ರಿ, ಹಿಡ್ಕೊಳ್ಳೋಕೆ ನಾನು ತಯಾರು. ಮೂವತ್ತೈದು ವರ್ಷದಿಂದ ಗೂಳೂರಲ್ಲಿ ಮೂಗುದಾರ ಇಲ್ದೆ ಒಂದು ಗೂಳಿ ಸಾಕಿದೀನಿ. ಅದಿರ್ಲಿ, ಚೊಂಬಲ್ಲೇನು? ಹಸಿರಾಗೈತೆ?

ರಂಗಪ್ಪ: (ಹೆಮ್ಮೆಯಿಂದ) ನಮ್ಮ ಕೆರೆ ನೀರು! ಚೌತಿ ದಿನ ಆ ಕೆರೆ ಮಣ್ಣಲ್ಲಿ ಕೆಲಸ ಹಿಡಿದ್ರೆ ದೀಪಾವಳಿ ಹೊತ್ತಿಗೆ ಗಣಪ ಎದ್ದು ಕೂರ್ತಾನೆ. ಬಲಿಪಾಡ್ಯಮಿಯಿಂದ ತಿಂಗಳು ಪೂಜೆ, ಆಮೇಲೆ ತಿರುಗಾ ಅದೇ ಕೆರೆಗೆ. ಅಷ್ಟುದ್ದ ಸೊಂಡಿಲು ಕೊಟ್ಟ ಕೆರೆ ನನ್ನ ಎರಡಂಗುಲ ಮೂಗು ಬಿಡಿಸಲ್ವಾ?

ಗಂಗಮ್ಮ: ಆ ಸೊಂಡಿಲಿಗೆ ನೆಗಡಿ ಬರಲ್ಲ ಸ್ವಾಮಿ.

(ರಂಗಪ್ಪನ ತಂಗಿ ಮಗಳು ಶೈಲಾ ಬರುತ್ತಾಳೆ. ತುಮಕೂರಿನ ಆಸ್ಪತ್ರೆಯೊಂದರಲ್ಲಿ ನರ್ಸ್. ರಾತ್ರಿ ಪಾಳಿ ಮುಗಿಸಿ ಗಣಪನ ದರ್ಶನಕ್ಕೆಂದು ಬಂದವಳು.)

ಶೈಲಾ: ಮಾವಾ! ಚೊಂಬು ಇಳಿಸಿ! ಆ ನೀರು ಮೂಗಿಗೆ ಬೇಡ!

ರಂಗಪ್ಪ: ಯಾಕವ್ವ? ಈ ನೀರು ಕುಡಿದೇ ಬೆಳೆದೋನು ನಾನು.

ಶೈಲಾ: ಹೊಟ್ಟೇಲಿ ಆಮ್ಲ ಕಾವಲಿದೆ. ಮೂಗಿನ ಮೇಲ್ಗಡೆಯಿಂದ ವಾಸನೆಯ ನರ ನೇರ ಮಿದುಳಿಗೆ ಹೋಗುತ್ತೆ, ಅಲ್ಲಿ ಕಾವಲಿಲ್ಲ. ಬೆಚ್ಚಗೆ ನಿಂತ ನೀರಲ್ಲಿ ನೇಗ್ಲೇರಿಯಾ ಅನ್ನೋ ಅಮೀಬಾ ಇರಬಹುದು. ಕುಡಿದ್ರೆ ಏನೂ ಮಾಡಲ್ಲ, ಮೂಗಿಗೆ ಏರಿದ್ರೆ ಆ ದಾರಿ ಹಿಡಿಯುತ್ತೆ. 2024ರಲ್ಲಿ ಕೇರಳದಲ್ಲಿ ಹೊಳೆಯಲ್ಲೋ ಕೊಳದಲ್ಲೋ ಮಿಂದ ಮಕ್ಕಳು ಮಿದುಳಿಗೆ ಅಮೀಬಾ ಹತ್ತಿ ತೀರ್ಕೊಂಡ್ರಲ್ಲ? 2011ರಲ್ಲಿ ಅಮೆರಿಕದ ಲೂಯಿಸಿಯಾನದಲ್ಲಿ ಇಬ್ಬರು ಸತ್ತಿದ್ದು ನಲ್ಲಿ ನೀರಲ್ಲಿ ಹೀಗೇ ಮೂಗು ತೊಳೆದು. ಬಲು ಅಪರೂಪ ಮಾವ, ಆದ್ರೆ ಬಂದ್ರೆ ಉಳಿಯೋದು ಕಷ್ಟ.

ಗಂಗಮ್ಮ: (ಚೊಂಬು ಕಸಿದು ಕರಿಬೇವಿನ ಬುಡಕ್ಕೆ ಸುರಿದು) ಇದಕ್ಕೆ ಮೂಗಿಲ್ಲ, ಇದು ಕುಡ್ಕೊಳ್ಳಲಿ.

ರಂಗಪ್ಪ: ಹಂಗಾದ್ರೆ ಗಣಪನ ಕೆರೆ ಪವಿತ್ರ ಅಲ್ವಾ?

ಶೈಲಾ: ಪವಿತ್ರ ಬೇರೆ, ಕುದಿಸಿದ್ದು ಬೇರೆ. ಕುಡಿಯೋ ನೀರನ್ನ ಒಂದು ನಿಮಿಷ ಕೊತಕೊತ ಕುದಿಸಿ, ಉಗುರುಬೆಚ್ಚಗಾಗೋ ತನಕ ಆರಿಸಿ. ಆಮೇಲೆ ಮೂಗಿಗೆ.

(ನೀರು ಕುದಿದು ಆರುತ್ತಿದೆ. ರಂಗಪ್ಪ ಡಬ್ಬಿಯಿಂದ ಒಂದು ಹಿಡಿ ಉಪ್ಪು ತೆಗೆಯುತ್ತಾನೆ.)

ಗಂಗಮ್ಮ: ಅದೇನು ಮೂಗಾ, ಮಾವಿನಕಾಯಾ? ಉಪ್ಪಿನಕಾಯಿ ಹಾಕ್ತಿದೀರಾ?

ರಂಗಪ್ಪ: ಹಂಗಾದ್ರೆ ಉಪ್ಪೇ ಬೇಡ, ಸಪ್ಪೆ ನೀರೇ ಸಾಕು.

ಶೈಲಾ: ಸಪ್ಪೆ ನೀರೂ ಉರಿಯುತ್ತೆ ಮಾವ. ಬಾವೀಲಿ ಈಜುವಾಗ ಮೂಗಿಗೆ ನೀರು ಹೋದ್ರೆ ನೆತ್ತಿ ತನಕ ಚುರ್ ಅನ್ನಲ್ವಾ? ಅತ್ತಾಗ ಕಣ್ಣೀರೂ ಮೂಗಿಗೇ ಇಳಿಯುತ್ತೆ, ಉರಿಯುತ್ತಾ? ಇಲ್ಲ. ಮೈಯೊಳಗಿನ ನೀರಿನ ಹದ ಅದು. ಲೀಟರಿಗೆ 9 ಗ್ರಾಂ. ಕಾಲು ಲೀಟರಿಗೆ ಅರ್ಧ ಟೀ ಚಮಚಕ್ಕಿಂತ ಚೂರು ಕಮ್ಮಿ. ಅಯೋಡಿನ್ ಹಾಕದ ಶುದ್ಧ ಪುಡಿಯುಪ್ಪಾದ್ರೆ ಒಳ್ಳೇದು. ನಿಮ್ಮ ಕಲ್ಲುಪ್ಪಲ್ಲಿ ಅರ್ಧ ಮಣ್ಣಿದೆ.

ಗಂಗಮ್ಮ: ಕಣ್ಣೀರಿನ ಹದವಾ? ಮೊದಲೇ ಹೇಳಿದ್ರೆ ಈ ಮನೆ ಸೇರಿದಾಗಿಂದ ಕೂಡಿಡ್ತಿದ್ದೆ. (ಒಳಲೆ ಕಂಡು) ಅಯ್ಯಯ್ಯೋ! ಮೊಮ್ಮಗಳು ಹಾಲು ಕುಡಿಯೋ ಒಳಲೆ! ಬೆಳಗ್ಗಿಂದ ಹುಡುಕ್ತಿದೀನಿ, ಇವರ ಮೂಗಿಗೆ ಬಂದು ಕೂತೈತೆ!

ರಂಗಪ್ಪ: ಮೂತಿ ಸಣ್ಣಗಿತ್ತು ಅಂತ…

ಶೈಲಾ: (ಚೀಲದಿಂದ ತೆಗೆದು) ತಗೊಳ್ಳಿ, ನೇತಿ ಲೋಟ. ಅಮ್ಮನಿಗೆ ಅಂತ ತಂದಿದ್ದೆ. ಒಬ್ಬರದನ್ನ ಇನ್ನೊಬ್ಬರು ಬಳಸೋ ಹಂಗಿಲ್ಲ, ಇನ್ನು ಇದು ನಿಮ್ಮದೇ.

ರಂಗಪ್ಪ: ಅಲ್ಲವ್ವ, ಈ ಸೈನಸ್ ಅನ್ನೋ ಕಾಯಿಲೆ ನನಗೇ ಯಾಕೆ ಬಂತು?

ಶೈಲಾ: ಸೈನಸ್ ಕಾಯಿಲೆಯಲ್ಲ ಮಾವ, ಎಲ್ಲರ ಮುಖದಲ್ಲೂ ಇದೆ. ಹಣೆ, ಕೆನ್ನೆ, ಕಣ್ಣುಗಳ ನಡುವೆ, ಮೂಗಿನ ಹಿಂದೆ ನಾಲ್ಕು ಜೊತೆ ಪೊಳ್ಳು ಕೋಣೆ. ಗೋಡೆಯಲ್ಲಿ ಸಿಂಬಳ ಹುಟ್ಟುತ್ತೆ, ಕಣ್ಣಿಗೆ ಕಾಣದ ರೋಮಗಳು ಅದನ್ನ ಗುಡಿಸಿ ಸಣ್ಣ ಕಿಂಡೀಲಿ ಮೂಗಿಗೆ ತಳ್ತವೆ. ನೆಗಡಿಗೋ ಧೂಳಿಗೋ ಆ ಕಿಂಡಿ ಊದಿಕೊಂಡ್ರೆ…

ಗಂಗಮ್ಮ: ನಮ್ಮ ಮೋರಿ!

ಶೈಲಾ: ಅದೇ ಅತ್ತೆ! ಉಪ್ಪುನೀರು ಮೂಗಿನ ಧೂಳು, ಸಿಂಬಳ ತೊಳೆದು ದಾರಿ ಹಗುರ ಮಾಡುತ್ತೆ. ಹಾಗಂತ ಇದು ಗುಡಿಸೋ ಕೆಲಸ, ಮದ್ದಲ್ಲ. ಜ್ವರ ಬಂದ್ರೆ, ಹತ್ತು ದಿನ ಆದ್ರೂ ಬಿಡದಿದ್ರೆ ಡಾಕ್ಟರ ಹತ್ರ ಹೋಗ್ಬೇಕು. ಕಿವಿ ನೋವಿದ್ರೆ, ಎರಡೂ ಹೊಳ್ಳೆ ಪೂರ್ತಿ ಮುಚ್ಚಿದ್ರೆ ಇದು ಬೇಡ. ನಿಮ್ಮದು ಒಂಚೂರು ಆಡ್ತಿದೆ. ಬಗ್ಗಿ. ತಲೆ ಓರೆ ಮಾಡಿ. ಬಾಯಲ್ಲಿ ಉಸಿರಾಡಿ. ಮಾತಾಡಬೇಡಿ.

ಗಂಗಮ್ಮ: ಮಾತಾಡಬಾರದಾ? ದಿನಕ್ಕೆ ಎಷ್ಟು ಸಲ ಮಾಡಿಸಬಹುದೇ ಇದನ್ನ?

(ಮೇಲಿನ ಹೊಳ್ಳೆಗೆ ಹೋದ ನೀರು ಕೆಳಗಿನದರಲ್ಲಿ ಮೊದಲು ತೊಟ್ಟಾಗಿ, ಆಮೇಲೆ ಧಾರೆಯಾಗಿ ಇಳಿಯುತ್ತದೆ. ಇನ್ನೊಂದು ಕಡೆಗೂ ಆಗುತ್ತದೆ.)

ರಂಗಪ್ಪ: ಗಂಗಮ್ಮಾ! ‘ಮ’ ಬಂತು ಕಣೇ! ಮಣೆ! ಮಂಗ! ನಾನು! ನೀನು!

ಶೈಲಾ: ಎರಡೂ ಹೊಳ್ಳೆ ಬಿಟ್ಟುಕೊಂಡು ಮೆಲ್ಲಗೆ ಮೂಗು ಸೀಟಿ. ಜೋರು ಮಾಡಿದ್ರೆ ನೀರು ಕಿವಿ ಕಡೆ ನುಗ್ಗುತ್ತೆ. ಒಳಗೆ ಚೂರು ಉಳಿದಿರುತ್ತೆ, ಆಮೇಲೆ ಬಗ್ಗಿದಾಗ ಇಳಿದ್ರೆ ಹೆದರಬೇಡಿ. ಲೋಟ ತೊಳೆದು ಒಣಗಿಸಿಡಿ.

ರಂಗಪ್ಪ: (ಕಣ್ಣು ಮುಚ್ಚಿ ಉಸಿರೆಳೆದು) ಆಹಾ! ಗುಡಿ ಕಡೆಯಿಂದ ಕರ್ಪೂರ. ಒಲೆ ಮೇಲೆ ಅವರೆಕಾಳು ಸಾರು. ಏನು ಸೊಗಡೇ ಅದು! (ಮುಖ ಕಿವುಚಿ) ಥೂ! ಇದೇನೇ? ಏನು ಸತ್ತೈತೆ ಇಲ್ಲಿ?

ಗಂಗಮ್ಮ: ಏನೂ ಸತ್ತಿಲ್ಲ. ಮೋರಿ. ಮೂರು ದಿನದ್ದು. (ಕಬ್ಬಿಣದ ಸರಳು ಕೊಟ್ಟು) ಹಿಡೀರಿ.

ರಂಗಪ್ಪ: ಶೈಲಾ, ಮೂಗು ತಿರುಗಾ ಕಟ್ಟೋಕೆ ಏನಾದ್ರೂ ಐತಾ ನಿನ್ನ ಚೀಲದಲ್ಲಿ?

(ಉತ್ತರ ಬರುವುದಿಲ್ಲ. ರಂಗಪ್ಪ ಸೊಂಟ ಬಗ್ಗಿಸಿ, ಎರಡೂ ಕೈಯಲ್ಲಿ ಸರಳು ತೂರಿಸಿ ತಿರುವುತ್ತಾನೆ. ಮೋರಿ ಗೊಳಕ್ ಎಂದು ಬಿಟ್ಟುಕೊಳ್ಳುತ್ತದೆ. ಅದೇ ಹೊತ್ತಿಗೆ ಅವನ ಮೂಗಿನಿಂದಲೂ ಉಳಿದ ನೀರು ಗಳಗಳ ಇಳಿಯುತ್ತದೆ.)

ಗಂಗಮ್ಮ: ನೋಡೇ ಶೈಲಾ, ಎರಡೂ ಮೋರಿ ಒಟ್ಟಿಗೇ ಬಿಟ್ವು!

(ಮಡುಗಟ್ಟಿದ ನೀರು ಕಲಕಿ ನಾತ ಮೇಲೇಳುತ್ತದೆ. ರಂಗಪ್ಪ ಸರಳು ಎಸೆದು ಎರಡು ಬೆರಳಲ್ಲಿ ಮೂಗು ಬಿಗಿಹಿಡಿಯುತ್ತಾನೆ.)

ರಂಗಪ್ಪ: ಗಂಗಬ್ಬಾ! ದಾಳೆಯಿಂದ ಬೋರಿ ದೀದೇ ಬಿಡಿಸು!